ಗ್ಯಾಂಗ್‌ಮನ್ ಎಂಬ ಪದಕ್ಕೊಂದು ಅಡಿಟಿಪ್ಪಣಿ

ಲಿಂಗಸುಗೂರು
30 ನವೆಂಬರ್ 2025, ಭಾನುವಾರ

ತುರ್ವಿಹಾಳದಲ್ಲಿರುವ ನನ್ನ ದುರ್ಗಕ್ಕನಿಗೆ ತಂಗಿ ರೂಪಾಳ ನಮಸ್ಕಾರ.

ಹದಿನೆಂಟು ದಿನವಾಯಿತು, ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಏನು ಹೇಳುತ್ತಿದ್ದೆನೋ ತಿಳಿಯದು. ನನಗೆ ಬಾಯಿ ಕಟ್ಟುವುದು ನಿನಗೆ ಗೊತ್ತಿದೆ. ಇಲ್ಲಿ ಕಾಲೇಜಿನಲ್ಲಿ ಎರಡು ವರ್ಷದಿಂದ ಪಾಠ ಮಾಡುತ್ತಿದ್ದರೂ ಹುಡುಗರ ಮುಖ ನೋಡದೆ ಕಿಟಕಿಯ ಹೊರಗಿನ ಬೇವಿನ ಗಿಡ ನೋಡುತ್ತಲೇ ಮಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಯವರು ಈ ಕಾಗದವನ್ನು ಕಟ್ಟೆಯ ಮೇಲೆ ಕೂತಿರುವ ನಿನ್ನ ಅತ್ತೆಯ ಕೈಗೇ ಕೊಡುತ್ತಾರೆ, ಅವರು ನಿನ್ನ ಮೈದುನ ಹನುಮಂತುವಿನಿಂದ ಗಟ್ಟಿಯಾಗಿ ಓದಿಸುತ್ತಾರೆ. ಓದಿಸಲಿ. ಮನೆಯವರೆಲ್ಲ ಕೇಳಬಹುದಾದದ್ದನ್ನೇ ಬರೆದಿದ್ದೇನೆ.

ಕೊನೆಯ ಸಲ ಮಾತಾಡಿದಾಗ ನೀನು ಕೇಳಿದ್ದು ಒಂದೇ ಪ್ರಶ್ನೆ. "ಯಾವಾಕಿ ಬೇ ಆಕಿ, ಅಮೇರಿಕದಾಕಿ? ಆಕಿ ಕಥಿಯೊಳಗ ನನ್ನ ಗಂಡ ಯಾಕ ಹೋಗ್ಯಾನ?" ಎಂದೆ. ಉತ್ತರಕ್ಕೆ ಕಾಯದೆ ನೀನೇ ಫೋನ್ ಇಟ್ಟೆ. ನ್ಯಾಯವಾದ ಪ್ರಶ್ನೆಯೇ. ನಿನ್ನ ಗಂಡ, ನನ್ನ ಮಾಮನ ಕಾಲುವೆ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬ ವಿಚಾರಣೆ ಮೊನ್ನೆ ಗುರುವಾರ ಸಿಂಧನೂರಿನಲ್ಲಿ ನಡೆಯಿತು. ಅಲ್ಲಿ ನಾನು ಏನು ಬರೆದುಕೊಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಆ ಹೆಂಗಸು ಯಾರೆಂದು ತಿಳಿಯದೆ ಅದು ಅರ್ಥವಾಗುವುದಿಲ್ಲ.

ಆಕೆಯ ಹೆಸರು ವೆರ್ನಾ ಹೋಲ್ಕಂಬ್. ಕಾದಂಬರಿಕಾರ್ತಿ. ಈಗ ಅರವತ್ತೆಂಟು ವರ್ಷ. ಐಡಾಹೊ ಎಂಬ ರಾಜ್ಯದ ಒಂದು ಸಣ್ಣ ಊರಿನಲ್ಲಿ ಹುಟ್ಟಿದವಳು. ಅಮೇರಿಕ ಎಂದರೆ ನೀನು ನೆನೆಸಿಕೊಳ್ಳುವ ಕಟ್ಟಡಗಳು ಅಲ್ಲಿಲ್ಲ. ಮಳೆ ಕಡಿಮೆ. ಒಂದು ನದಿಗೆ ಅಣೆಕಟ್ಟು ಕಟ್ಟಿ, ಕಾಲುವೆ ತೆಗೆದು, ಆ ನೀರಿನ ಮೇಲೆ ಗಜ್ಜರಿಯಂಥ ಬೀಟ್ ಗಡ್ಡೆಯನ್ನೂ ಆಲೂಗಡ್ಡೆಯನ್ನೂ ಬೆಳೆಯುತ್ತಾರೆ. ಮೇಲ್ಭಾಗದವರಿಗೆ ನೀರು ಹೆಚ್ಚು, ಕೊನೆಭಾಗದವರಿಗೆ ಜಗಳ ಹೆಚ್ಚು. ಆ ಊರಿನ ಮೇಲೆ ಆಕೆ ಬರೆದ ಮೊದಲ ಕಾದಂಬರಿಯನ್ನು ಓದಿದಾಗ ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ. ಹದಿನೈದು ಪುಟ ಆಗುವಷ್ಟರಲ್ಲಿ, ಇದು ನಮ್ಮ ಎಡದಂಡೆ ಕಾಲುವೆಯೇ, ಜನರ ಹೆಸರು ಮಾತ್ರ ಬೇರೆ ಎನ್ನಿಸಿತ್ತು.

ಆಕೆಯ ತಂದೆ ವಾಲ್ಟರ್ ಆ ಕಾಲುವೆ ಕಂಪನಿಯ ನೌಕರ. ಮೂವತ್ತೊಂದು ವರ್ಷ ದಿನಾ ಕಾಲುವೆಯ ದಂಡೆಯ ಮೇಲೆ ಓಡಾಡಿ, ಯಾರ ಸರದಿಗೆ ಎಷ್ಟು ನೀರು ಎಂದು ನೋಡಿ ಗೇಟು ಏರಿಸುವುದು, ಇಳಿಸುವುದು. ಮೊದಲು ಕುದುರೆಯ ಮೇಲೆ, ಆಮೇಲೆ ಹಳೆಯ ಜೀಪಿನಲ್ಲಿ. ವೆರ್ನಾ ಹದಿನಾಲ್ಕು ವರ್ಷದವಳಿದ್ದಾಗ, ಸರದಿ ಇಲ್ಲದ ದಿನ ಅಪ್ಪ ತನ್ನ ಅಣ್ಣನ ಹೊಲಕ್ಕೆ ನೀರು ಬಿಡುವುದನ್ನು ಕಂಡಳು. ಪಕ್ಕದವನ ಬೆಳೆ ಆ ವರ್ಷ ಒಣಗಿತು. ಅಪ್ಪ ಮನೆಗೆ ಬಂದು ಎಂದಿನ ಹಾಗೆ ಕೈ ತೊಳೆದು ಊಟಕ್ಕೆ ಕೂತ. ಆಕೆಯೂ ಏನೂ ಕೇಳಲಿಲ್ಲ.

ಕೇಳಿದ್ದು ಹದಿನೈದು ವರ್ಷದ ನಂತರ, ಪುಸ್ತಕದಲ್ಲಿ. ಆಗ ಆಕೆ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದಿಟ್ಟು, ಅಡುಗೆಮನೆಯ ಮೇಜಿನ ಮೇಲೆಯೇ ಬರೆದಳಂತೆ. 'ಹದಿಮೂರನೆಯ ಉಪಕಾಲುವೆ' ಎಂದು ಹೆಸರು. ಅದರಲ್ಲಿ ಅಪ್ಪನಿಗೆ ಬೇರೆ ಹೆಸರಿದೆ, ಕುದುರೆಯ ಬಣ್ಣವೂ ಬೇರೆ. ಊರಿನವರಿಗೆ ಗುರುತು ಹಿಡಿಯಲು ಅದೇನೂ ಅಡ್ಡಿಯಾಗಲಿಲ್ಲ.

ಅಲ್ಲಿನ ಕಾದಂಬರಿಗಳಲ್ಲಿ ಶುರುವಿಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಇದರಲ್ಲಿ ಬರುವ ವ್ಯಕ್ತಿಗಳು, ಘಟನೆಗಳು ಎಲ್ಲವೂ ಕಲ್ಪಿತ, ಎಂದು. ಸಿನಿಮಾ ಶುರುವಾಗುವ ಮೊದಲು ನಮ್ಮಲ್ಲಿಯೂ ತೋರಿಸುತ್ತಾರಲ್ಲ, ಹಾಗೆ. ವೆರ್ನಾ ಆ ಸಾಲನ್ನು ತನ್ನ ಪುಸ್ತಕದಿಂದ ತೆಗೆಸಿದಳು. ಪ್ರಕಾಶಕರು ಬೇಡವೆಂದರೂ ಕೇಳಲಿಲ್ಲ. ಗದ್ದಲ ಎದ್ದಮೇಲೆ ಕಾಲುವೆ ಕಂಪನಿಯವರೇ ಮನೆಗೆ ಬಂದು, ಬರೆದದ್ದು ಸುಳ್ಳು ಎಂದು ಒಂದು ಕಾಗದಕ್ಕೆ ಸಹಿ ಹಾಕು, ನಿನ್ನಪ್ಪನ ಕೆಲಸ ಉಳಿಯುತ್ತದೆ ಎಂದರು. ಹಾಕಲಿಲ್ಲ. ಬರೆದದ್ದು ಕಾದಂಬರಿ, ಆದರೆ ಸುಳ್ಳಲ್ಲ ಎಂದಳು. ವಾಲ್ಟರ್‌ನ ಕೆಲಸ ಹೋಯಿತು. ಆತ ಊರು ಬಿಟ್ಟು ಬೇರೆ ರಾಜ್ಯದಲ್ಲಿದ್ದ ಇನ್ನೊಬ್ಬ ಮಗಳ ಮನೆಗೆ ಹೋದ. ಸಾಯುವವರೆಗೆ, ಇಪ್ಪತ್ತೆರಡು ವರ್ಷ, ವೆರ್ನಾಳ ಜೊತೆ ಮಾತಾಡಲಿಲ್ಲ.

ಇದಿಷ್ಟನ್ನು ಓದಿದಾಗ ನನಗೆ ಆಕೆಯ ಮೇಲೆ ಗೌರವ ಬಂತು. ಆ ಒಂದು ಸಹಿ ಹಾಕದೆ ಇದ್ದದ್ದರ ಮೇಲೆಯೇ ಆಕೆಯ ಉಳಿದ ಬರವಣಿಗೆ ನಿಂತಿದೆ ಎಂದು, ನಾನು ಬರೆಯುತ್ತಿದ್ದ ಆಕೆಯ ಜೀವನಚರಿತ್ರೆಯಲ್ಲಿ ಬರೆದೆ. ಅದನ್ನು ಬರೆದದ್ದು ಈ ವರ್ಷದ ಜುಲೈ ತಿಂಗಳಲ್ಲಿ.

ಆಮೇಲೆ ಆಕೆ ಇನ್ನೂ ಐದು ಕಾದಂಬರಿ ಬರೆದಳು. ಒಂದು ಸಕ್ಕರೆ ಕಾರ್ಖಾನೆಯ ಮೇಲೆ. ಒಂದು, ಶಾಲೆಯ ಬಸ್ಸು ಓಡಿಸುವ ವಿಧವೆಯ ಮೇಲೆ. ನನಗೆ ಇಷ್ಟವಾದದ್ದು ಅದೇ, ಅದರಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಾಲ್ಕನೆಯದಕ್ಕೆ ದೊಡ್ಡ ಬಹುಮಾನ ಬಂತು. ಒಂದು ಕಾಲೇಜಿನಲ್ಲಿ ಬರವಣಿಗೆ ಕಲಿಸುವ ಕೆಲಸ ಸಿಕ್ಕಿತು. ಮದುವೆಯಾಗಿ ಗಂಡನನ್ನು ಬಿಟ್ಟಳು, ಮಕ್ಕಳಿಲ್ಲ. ಈ ಐದರಲ್ಲಿ ಎಲ್ಲಿಯೂ ಒಂದು ಕಾಲುವೆ ಬರುವುದಿಲ್ಲ. ನದಿ ಬಂದರೂ ಪಾತ್ರಗಳು ಸೇತುವೆ ದಾಟಿಕೊಂಡು ಹೋಗಿಬಿಡುತ್ತವೆ. ತಂದೆ ತೀರಿದ ಮೇಲೆ ಹದಿನಾಲ್ಕು ವರ್ಷ ಏನೂ ಪ್ರಕಟಿಸಲಿಲ್ಲ. ಮೂರು ವರ್ಷದ ಹಿಂದೆ ಏಳನೆಯ ಕಾದಂಬರಿ ಬಂತು. ಅದರ ಶುರುವಿಗೆ, ಮೊದಲ ಬಾರಿಗೆ, ಆ ಸಣ್ಣಕ್ಷರದ ಸಾಲು ಇದೆ.

ವಿಮರ್ಶಕರು ನಕ್ಕರು. ವಯಸ್ಸಾಯಿತು, ಅಂಜಿದಳು ಎಂದರು. ಒಬ್ಬ ಸಂದರ್ಶಕ ನೇರವಾಗಿ ಕೇಳಿದ, ಈಗ ಯಾಕೆ ಆ ಸಾಲು ಎಂದು. ಆಕೆ ಕೊಟ್ಟ ಉತ್ತರವನ್ನು ನಾನು ಕನ್ನಡಕ್ಕೆ ತಂದದ್ದು ಹೀಗೆ: "ಆಗ ಧೈರ್ಯ ನನ್ನದಾಗಿತ್ತು, ದಂಡ ಕಟ್ಟಿದವರು ಅಪ್ಪ." ನನ್ನ ಪುಸ್ತಕದ ಕೊನೆಯ ಅಧ್ಯಾಯಕ್ಕೆ ಈ ಮಾತನ್ನು ಇಟ್ಟುಕೊಂಡಿದ್ದೆ. ಆ ಅಧ್ಯಾಯ ಇನ್ನೂ ಬರೆದಿಲ್ಲ.

ಇನ್ನು ಮಾಮ ಇದರೊಳಗೆ ಹೋದದ್ದು ಹೇಗೆ ಎಂಬುದು.

ಸಿಂಧನೂರಿನ ಶಕೀಲ್ ಸರ್ ನಿನಗೆ ನೆನಪಿರಬೇಕು. ನಿನ್ನ ಮದುವೆಗೆ ಬಂದು, ಊಟಕ್ಕೆ ಕೂತಲ್ಲಿಯೇ ಹುಡುಗರಿಗೆ ವ್ಯಾಕರಣ ಹೇಳುತ್ತಿದ್ದವರು. ನಿವೃತ್ತರಾದ ಮೇಲೆ ಒಂದು ತಿಂಗಳ ಪತ್ರಿಕೆ ನಡೆಸುತ್ತಾರೆ, ಜೊತೆಗೆ ಹೊರದೇಶದ ಬರಹಗಾರರ ಮೇಲೆ ನೂರು ಪುಟದ ಪುಸ್ತಕಗಳನ್ನು ತರುತ್ತಾರೆ. ವೆರ್ನಾಳ ಜೀವನ ನಾನು ಬರೆಯುತ್ತೇನೆಂದು ಕಾಗದದಲ್ಲಿ ಕೇಳಿದೆ; ಎದುರಿಗೆ ಕೇಳುವುದಾಗುತ್ತಿರಲಿಲ್ಲ. ಒಪ್ಪಿದರು. ಎರಡು ವರ್ಷದಲ್ಲಿ ತೊಂಬತ್ತು ಪುಟ ಬರೆದೆ.

ವಾಲ್ಟರ್‌ನ ಕೆಲಸಕ್ಕೆ ಅವರ ಭಾಷೆಯಲ್ಲಿ ಡಿಚ್ ರೈಡರ್ ಎನ್ನುತ್ತಾರೆ. ನಿಘಂಟು ನೋಡಿ ನಾನು 'ಹಳ್ಳದ ಸವಾರ' ಎಂದು ಬರೆದಿದ್ದೆ. ಶಕೀಲ್ ಸರ್ ಅದನ್ನು ಓದಿ ಕನ್ನಡಕ ತೆಗೆದಿಟ್ಟು ನಕ್ಕರು. "ಇದೇನವ್ವ ರೂಪಾ? ಕುದುರಿ ತಗೊಂಡು ಹಳ್ಳಕ್ಕ ಬಿದ್ದಾನೇನು ಇಂವ? ನಿಮ್ಮ ಮಾಮ ದಿನಾ ಇದ ಕೆಲಸ ಮಾಡತಾನ, ಅಂವಗ ಏನಂತಾರ?" ಎಂದರು. ಗ್ಯಾಂಗ್‌ಮನ್ ಎಂದೆ. "ಅದ ಹಾಕು. ಬೆಂಗಳೂರಾಗ ಓದೋರಿಗೆ ಗ್ಯಾಂಗ್‌ಮನ್ ಅಂದ್ರ ರೈಲ್ವೆದವ ಅನಸ್ತೈತಿ. ಕೆಳಗ ಒಂದು ಟಿಪ್ಪಣಿ ಕೊಡು. ನಮ್ಮ ಕಡೀದ ಒಂದು ಉದಾಹರಣಿ ಇರಲಿ" ಎಂದರು.

ಕೊಟ್ಟೆ. ಜನ ಒಬ್ಬರಿಗೊಬ್ಬರು ಏನು ಹೇಳಿ ನಿನ್ನ ಕಿವಿಗೆ ಹೇಗೆ ಬಂತೋ ಗೊತ್ತಿಲ್ಲ, ಆದ್ದರಿಂದ ಅಲ್ಲಿದ್ದದ್ದನ್ನು ಇದ್ದಂತೆ ಬರೆಯುತ್ತೇನೆ:

"ಗ್ಯಾಂಗ್‌ಮನ್: ಕಾಲುವೆಯ ದಂಡೆಯ ಮೇಲೆ ತಿರುಗಾಡಿ ಗೇಟುಗಳನ್ನು ಏರಿಸಿ ಇಳಿಸುವ ನೌಕರ. ಗೇಟಿನ ಸ್ಕ್ರೂ ಎರಡು ಸುತ್ತು ತಿರುಗಿಸಿದರೆ ಸಾಕು, ಮೇಲಿನವರಿಗೆ ತಕ್ಷಣ ಗೊತ್ತಾಗದಷ್ಟು ನೀರು ಕೆಳಗೆ ಹೋಗುತ್ತದೆ. ಮೂರು ವರ್ಷದ ಹಿಂದೆ ತುರ್ವಿಹಾಳದ ಒಬ್ಬ ಗ್ಯಾಂಗ್‌ಮನ್ ಸರದಿ ಇಲ್ಲದ ದಿನ ಹೀಗೆ ಗೇಟು ಎತ್ತಿ ಕೊನೆಭಾಗದ ನೂರು ಎಕರೆಯ, ಹಾಲುಗಾಳು ಕಟ್ಟುತ್ತಿದ್ದ ಭತ್ತವನ್ನು ಉಳಿಸಿದನು."

ಇದನ್ನು ಬರೆಯುವಾಗ ಹೊಗಳುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಒಂದು ಅಧ್ಯಾಯದ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬಂದದ್ದನ್ನು ಯಾರು ಓದುತ್ತಾರೆ ಎಂದೂ ಅಂದುಕೊಂಡಿದ್ದೆ. ಸರ್ ಪತ್ರಿಕೆಯ ನವೆಂಬರ್ ಸಂಚಿಕೆಯಲ್ಲಿ ಆ ಅಧ್ಯಾಯ ಬಂತು. ಯಾರೋ ಟಿಪ್ಪಣಿಯದೊಂದೇ ಫೋಟೋ ತೆಗೆದು ಮೇಲ್ಭಾಗದ ರೈತರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಫೋಟೋದಲ್ಲಿ ವೆರ್ನಾ ಇರಲಿಲ್ಲ, ಅಮೇರಿಕವೂ ಇರಲಿಲ್ಲ. ತುರ್ವಿಹಾಳ ಇತ್ತು. ಆ ಗೇಟಿನ ಮೇಲೆ ಇರುವ ಗ್ಯಾಂಗ್‌ಮನ್ ಮಾಮ ಒಬ್ಬರೇ.

ಮಸ್ಕಿಯಲ್ಲಿ ಅವ್ವನಿಗೆ ಹಿಟ್ಟಿನ ಗಿರಣಿಯಲ್ಲಿ ಯಾರೋ, "ಅಮರಮ್ಮ, ನಿನ್ನ ಅಳಿಯ ನೀರು ಕದ್ದಾನಂತ, ಬುಕ್ಕಿನಾಗ ಬಂದೈತಿ" ಅಂದರಂತೆ. ಅವ್ವ, "ಬುಕ್ಕಿನಾಗ ಎಲ್ಲಾರ ಹೆಸರೂ ಬರತೈತೇನು? ನಿನ್ನ ಅಳಿಯಂದು ಬಂದೈತೇನು ಹೇಳು" ಎಂದು ಹೇಳಿ ಹಿಟ್ಟಿನ ಡಬ್ಬಿ ಎತ್ತಿಕೊಂಡು ಬಂದಳಂತೆ. ನನಗೆ ಹೇಳುವಾಗ ನಕ್ಕಳು. ದೂರು ಹೋಗಿದೆ, ನೋಟಿಸು ಬಂದಿದೆ ಎಂದು ತಿಳಿದಮೇಲೆ ನಗುವುದನ್ನು ನಿಲ್ಲಿಸಿದಳು.

ಮಾಮ ಸರಿಯಾಗಿ ಊಟ ಮಾಡುತ್ತಿಲ್ಲ, ನೀವಿಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿಲ್ಲ ಎಂದು ನಿಮ್ಮ ಪಕ್ಕದ ಮನೆಯ ಹುಸೇನಮ್ಮ ಹೇಳಿದಳು. ಲಿಂಗಸುಗೂರಿನಲ್ಲಿರುವ ಮಗಳನ್ನು ನೋಡಲು ಬಂದವಳು ನನ್ನ ಕೋಣೆಗೂ ಬಂದಿದ್ದಳು. "ಹದಿನೇಳು ವರ್ಷ ಟೆಂಪರವರಿ ಮಾಡ್ಯಾನ ಯವ್ವ ಅಂವ. ಈ ಸಲ ಪಟ್ಟಿಯಾಗಿಂದ ಹೆಸರು ತಗದ್ರ ಮತ್ತ ಬರಾಂಗಿಲ್ಲ. ನೀ ಕಲಿತಾಕಿ, ಏನಾರ ಮಾಡು" ಎಂದಳು. ಕಲಿತದ್ದರಿಂದಲೇ ಆದದ್ದು ಎಂದು ಆಕೆಗೆ ಹೇಳಲು ನನಗೆ ಆಗಲಿಲ್ಲ.

ಗುರುವಾರ ಹನ್ನೊಂದಕ್ಕೆ ಸಿಂಧನೂರಿನ ನೀರಾವರಿ ಕಚೇರಿಗೆ ಹೋದೆ. ನನ್ನನ್ನು ಕರೆದಿರಲಿಲ್ಲ, ನಾನಾಗಿ ಹೋದೆ. ಅಲ್ಲಿ ಇಂಜಿನಿಯರ್ ಸಾಹೇಬರು, ದೂರು ಕೊಟ್ಟ ಮೇಲ್ಭಾಗದ ಗದ್ದೆಪ್ಪ, ಮತ್ತು ಮಾಮ ಇದ್ದರು. ಕುರ್ಚಿ ಇದ್ದರೂ ಮಾಮ ಬಾಗಿಲ ಹತ್ತಿರ ನಿಂತಿದ್ದರು. ಮೇಜಿನ ಮೇಲೆ ಮೂರು ವರ್ಷದ ಹಿಂದಿನ ಹಾಜರಿ ಪುಸ್ತಕ ತೆರೆದಿತ್ತು. ಆ ವಾರದ ಎಲ್ಲ ದಿನವೂ ದುರುಗೇಶ ಎಂದು ಮಾಮನ ಸಹಿ ಇದೆ, ಅಂದರೆ ಗೇಟಿನ ಮೇಲೆ ಇದ್ದವರು ಇವರೇ ಎಂಬುದು ಗದ್ದೆಪ್ಪನ ವಾದ. "ನನ್ನ ಗದ್ದಿಗೆ ಬರೋ ನೀರು ಅವತ್ತು ನಾಕು ಇಂಚು ಇಳದಿತ್ರಿ. ಇಲಿ ಬಿಲ ತೋಡೈತೇನೋ ಅಂತ ದಂಡಿ ತುಂಬ ಹುಡುಕೀನಿ. ಇಲಿ ಇಲ್ಲೇ ನಿಂತೈತಿ ನೋಡ್ರಿ" ಎಂದು ಮಾಮನ ಕಡೆ ಕೈ ಮಾಡಿದ.

ಸಾಹೇಬರು ಮಾಮನನ್ನು ಕೇಳಿದರು. ಗೇಟು ಎತ್ತಿದ್ದು ಹೌದೋ ಅಲ್ಲವೋ. ಮಾಮ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಮೂರು ಸಲ ಕೇಳಿದರು. "ಏನ್ ಹೇಳ್ಲಿ ಬಿಡ್ರಿ ಸಾಹೇಬ್ರ" ಎಂದದ್ದು ಒಂದೇ. ಗದ್ದೆಪ್ಪನಿಗೆ ಅಷ್ಟು ಸಾಕಾಗಿತ್ತು.

ಆಗ ಸಾಹೇಬರು ನನ್ನ ಕಡೆ ತಿರುಗಿದರು. "ಇದನ್ನ ಬರದಾಕಿ ನೀನೇನಮ್ಮ?"

ಹೌದ್ರಿ ಎಂದೆ.

"ಇವರು ಗೇಟ್ ಎತ್ತಿದ್ದನ್ನ ನೀನು ನೋಡೀಯೇನು?"

ಇಲ್ರಿ ಎಂದೆ. ಮತ್ತೆ ಹೇಗೆ ಬರೆದೆ ಎಂದರು. ಕಥಿರಿ ಸರ್ ಎಂದೆ.

ಗದ್ದೆಪ್ಪ ಬಿಡಲಿಲ್ಲ. "ಕಥಿಯಾಗ ನೂರು ಎಕರೆ ಅಂತ ಯಾರು ಅಳೀತಾರ್ರಿ? ರಾಜ ಇದ್ದ, ರಾಣಿ ಇದ್ದಳು ಅಂತ ಬರೀತಾರ. ಈಕಿ ಸ್ಕ್ರೂ ಎಷ್ಟು ಸುತ್ತು ಅಂತ ಸೈತ ಬರದಾಳ. ಕಥಿ ಬರಿಯಾಕಿಗೆ ತುರ್ವಿಹಾಳನ ಬೇಕಿತ್ತೇನು, ಅಮೇರಿಕಾನ ಇತ್ತಲ್ಲ!" ಎಂದ. ವಿಮರ್ಶೆ ಎಂದು ನೋಡಿದರೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಬರೆದುಕೊಡು ಎಂದು ಸಾಹೇಬರು ಬಿಳಿ ಹಾಳೆ ಕೊಟ್ಟರು. ನಾನು ಮೂರು ವಾಕ್ಯ ಬರೆದೆ. ತುರ್ವಿಹಾಳದ ಗ್ಯಾಂಗ್‌ಮನ್ ಗೇಟು ಎತ್ತಿದ್ದನ್ನು ನಾನು ನೋಡಿಲ್ಲ. ಅವರು ಹಾಗೆ ಮಾಡಿಲ್ಲ. ಟಿಪ್ಪಣಿಯಲ್ಲಿ ಬರೆದದ್ದು ಕೇವಲ ನನ್ನ ಕಲ್ಪನೆ.

ಸಾಹೇಬರು ಓದಿ ಹಾಳೆಯನ್ನು ನನ್ನ ಕಡೆ ತಳ್ಳಿದರು. "ಕಲ್ಪನೆ ಅಂದ್ರ ಮ್ಯಾಲಿನ ಆಫೀಸ್‌ದಾಗ ಯಾರಿಗೂ ತಿಳಿಯಾಂಗಿಲ್ಲಮ್ಮ. ಸುಳ್ಳು ಅಂತ ಬರಿ. ಫೈಲ್ ಮುಗೀತದ" ಎಂದರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಬೇಗ ಮುಗಿಯಬೇಕಾಗಿತ್ತು.

ನಾನು ಪೆನ್ನು ಹಿಡಿದು ಬರೆದದ್ದನ್ನು ಮತ್ತೊಮ್ಮೆ ಓದಿದೆ. ಐದು ವರ್ಷ ಸಾಹಿತ್ಯ ಓದಿದ್ದು ಆ ಎರಡು ಪದಗಳ ನಡುವಿನ ವ್ಯತ್ಯಾಸವನ್ನೇ, ಅಕ್ಕ. ಗದ್ದೆಪ್ಪ ನನ್ನ ಕೈಯನ್ನೇ ನೋಡುತ್ತಿದ್ದ. ಮಾಮ ನೆಲ ನೋಡುತ್ತಿದ್ದರು. ಐಡಾಹೊದ ಆ ಮನೆಯಲ್ಲಿ ಕಂಪನಿಯವರು ಕಾಗದ ಇಟ್ಟಾಗ ವಾಲ್ಟರ್ ಕೋಣೆಯೊಳಗೆ ಇದ್ದನೇ, ಹೊರಗಿದ್ದನೇ ಎಂಬುದು ಯಾವ ಸಂದರ್ಶನದಲ್ಲಿಯೂ ಇಲ್ಲ. ನಾನೂ ಅದನ್ನು ಹುಡುಕಿರಲಿಲ್ಲ. ಇದ್ದಿರಲಿಕ್ಕಿಲ್ಲ ಎಂದು ಆಗ ಅನ್ನಿಸಿತು. ಕಲ್ಪನೆ ಎಂಬುದನ್ನು ಹೊಡೆದು ಸುಳ್ಳು ಎಂದು ಬರೆದೆ. ಕೆಳಗೆ ರೂಪಾ, ಎಂ.ಎ. ಎಂದು ಸಹಿ ಹಾಕಿದೆ. ಎಂ.ಎ. ಹಾಕಬಾರದಿತ್ತು, ಅಭ್ಯಾಸ.

ಮಾಮನ ಹೆಸರು ಪಟ್ಟಿಯಲ್ಲಿ ಉಳಿದಿದೆ. ಸಾಹೇಬರು ನನ್ನೆದುರಿಗೇ ಫೈಲಿನಲ್ಲಿ ಬರೆದರು. ಈ ವಿಷಯದಲ್ಲಿ ಇನ್ನು ನಿಮ್ಮನ್ನು ಯಾರೂ ಕರೆಯುವುದಿಲ್ಲ. ನಿನ್ನ ಅತ್ತೆಗೆ ಇದನ್ನು ಎರಡು ಸಲ ಓದಿ ಹೇಳಲು ಹನುಮಂತುವಿಗೆ ಹೇಳು.

ಶುಕ್ರವಾರ ಶಕೀಲ್ ಸರ್ ಕರೆಸಿದರು. ಗದ್ದೆಪ್ಪ ಆ ಹಾಳೆಯ ಫೋಟೋವನ್ನೂ ಗುಂಪಿಗೆ ಹಾಕಿದ್ದ. ಸರ್ ಸಿಟ್ಟಾಗಲಿಲ್ಲ. ಚಹಾ ತರಿಸಿದರು, ಪೂರ್ತಿ ಕುಡಿಯಲು ಬಿಟ್ಟರು. ಆಮೇಲೆ, "ಕಲ್ಪನೆ ಅಂತ ಇದ್ರ ನಾ ಹೆಂಗರ ಸಂಭಾಳಸ್ತಿದ್ದೆ. ಸುಳ್ಳು ಅಂತ ಸಹಿ ಮಾಡಿ ಬಂದೀಯಲ್ಲ. ಜೀವನಚರಿತ್ರಿ ಬರಿಯಾಕಿ ಒಂದು ಪುಟದಾಗ ಸುಳ್ಳು ಬರದೀನಿ ಅಂದಮ್ಯಾಲ ಉಳದ ಪುಟ ಯಾರು ನಂಬತಾರವ್ವ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಹಸ್ತಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವಾಪಸು ಕೊಟ್ಟರು. ಪುಸ್ತಕ ಬರುವುದಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮುದಗಲ್ ಕಡೆಯ ಒಬ್ಬ ಹೆಂಗಸು ಪಕ್ಕದಲ್ಲಿ ಕೂತಿದ್ದಳು. ಚೀಲ ಮುಟ್ಟಿ ನೋಡಿ, "ಸೀರಿ ಏನವ್ವ?" ಎಂದು ಕೇಳಿದಳು. ಹೌದು ಎಂದೆ. ಈ ವಾರ ನಾನು ಹೇಳಿದ ಎರಡನೇ ಸುಳ್ಳು.

ಇದನ್ನು ನಿನ್ನ ಮನಸ್ಸು ಕರಗಲಿ ಎಂದು ಬರೆಯುತ್ತಿಲ್ಲ. ಕೇಳಿದೆಯಲ್ಲ, ಆಕೆ ಯಾರು ಎಂದು. ಸಹಿ ಹಾಕದವಳು. ನಾನು ಹಾಕಿದೆ. ಹೀಗಾಗಿ ಆಕೆಯ ಜೀವನ ಬರೆಯುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಏಳನೆಯ ಪುಸ್ತಕದ ಆ ಸಣ್ಣ ಸಾಲು ಯಾಕೆ ಬಂತು ಎಂಬುದರ ಬಗ್ಗೆ ಈಗ ಬರೆದರೆ ಜುಲೈಗಿಂತ ಚೆನ್ನಾಗಿ ಬರೆಯುತ್ತೇನೆ. ಬರೆಯಬಹುದು. ಅಚ್ಚಾಗದಿದ್ದರೂ ಬರೆಯಬಹುದಲ್ಲ.

ಮಾಮನನ್ನು ಕೇಳಿದೆನೆಂದು ಹೇಳು. ಊಟ ಮಾಡಲು ಹೇಳು. ನಿನಗೆ ಬೇಕೆನಿಸಿದಾಗ ಫೋನ್ ಮಾಡು, ನಾನು ಮಾತಾಡದಿದ್ದರೂ ಕೇಳುತ್ತಿರುತ್ತೇನೆ.

ನಿನ್ನ ತಂಗಿ,
ರೂಪಾ

ಕಾಗದದಲ್ಲಿ ಬರೆಯದೆ ಬಿಟ್ಟದ್ದು:

ಅಕ್ಕ, ಈ ಚೀಟಿಯನ್ನು ಅಂಚೆಗೆ ಹಾಕಿಲ್ಲ. ಮತ್ತೆ ಮಗಳ ಮನೆಗೆ ಬಂದಿದ್ದ ಹುಸೇನಮ್ಮನ ಕೈಯಲ್ಲಿ ಕಳಿಸಿದ್ದೇನೆ. ಆಕೆಗೆ ಓದಲು ಬರುವುದಿಲ್ಲ, ಬಂದರೂ ಓದುವವಳಲ್ಲ. ನೀನೊಬ್ಬಳೇ ಇದ್ದಾಗ ನೋಡು.

ಮೂರು ವರ್ಷದ ಹಿಂದೆ ಆ ವಾರ ಮಾಮ ಡೆಂಗಿ ಜ್ವರಕ್ಕೆ ಸಿಂಧನೂರಿನ ದವಾಖಾನೆಯಲ್ಲಿ ಮಲಗಿದ್ದರು. ಗೈರುಹಾಜರಾದರೆ ತೆಗೆದುಹಾಕುತ್ತಾರೆಂದು ದಿನಾ ದಂಡೆಯ ಮೇಲೆ ನಡೆದು, ಅವರ ಸಹಿಯನ್ನು ಹಾಜರಿ ಪುಸ್ತಕದಲ್ಲಿ ಹಾಕಿದವಳು ನೀನು. ಕೊನೆಭಾಗದ ಭತ್ತ ಬಾಡುವುದನ್ನು ನೋಡಲಾಗದೆ ಗೇಟು ಎತ್ತಿದವಳೂ ನೀನು. ಈ ಸಲ ಪಂಚಮಿಗೆ ಮಸ್ಕಿಗೆ ಬಂದಾಗ ನಗುತ್ತ ನನಗೆ ಹೇಳಿದೆ, ಹೊಟ್ಟೆಯೊಳಗೆ ಇಟ್ಟುಕೋ ಎಂದೆ. ನಾನು ಇಟ್ಟುಕೊಳ್ಳಲಿಲ್ಲ.

ಟಿಪ್ಪಣಿಯಲ್ಲಿ ಮೊದಲು 'ಗ್ಯಾಂಗ್‌ಮನ್ ಒಬ್ಬರ ಹೆಂಡತಿ' ಎಂದೇ ಬರೆದಿದ್ದೆ, 'ಉಳಿಸಿದಳು' ಎಂದಿತ್ತು. ನಿನ್ನ ಗುರುತು ಸಿಕ್ಕೀತೆಂದು ಅಂಜಿ ಹೆಂಡತಿಯನ್ನು ತೆಗೆದೆ. ಆಗ ಕ್ರಿಯಾಪದ ತಪ್ಪಾಯಿತು. ವೆರ್ನಾಳ ಭಾಷೆಯಲ್ಲಿ ಉಳಿಸಿದ್ದು ಗಂಡೋ ಹೆಣ್ಣೋ ಎಂದು ಕ್ರಿಯಾಪದ ಹೇಳುವುದಿಲ್ಲ, ನಮ್ಮದರಲ್ಲಿ ಹೇಳಲೇಬೇಕು. ಳು ಹೊಡೆದು ನು ಮಾಡಿದೆ. ನಿನ್ನನ್ನು ಬಚ್ಚಿಡಲು ಹೋಗಿ ಆ ಒಂದು ಅಕ್ಷರದಿಂದ ಅದನ್ನು ಮಾಮನ ಕೊರಳಿಗೆ ಕಟ್ಟಿದೆ. 'ಯಾರೋ ಉಳಿಸಿದರು' ಎಂದು ಬರೆದಿದ್ದರೆ ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ರು ಎಂಬ ಅಕ್ಷರ ನೆನಪಾದದ್ದು ನೋಟಿಸು ಬಂದಮೇಲೆ.

ಹೀಗಾಗಿ ನಾನು ಬರೆದುಕೊಟ್ಟದ್ದರಲ್ಲಿ ಮೊದಲ ಎರಡು ವಾಕ್ಯ ನಿಜ. ಮೂರನೆಯದೇ ಸುಳ್ಳು. ನಮ್ಮ ಮನೆತನದಲ್ಲಿ ಯಾರಾದರೂ ಮಾಡಿದ ಒಂದೇ ಒಂದು ದೊಡ್ಡ ಕೆಲಸ ನಡೆದೇ ಇಲ್ಲ ಎಂದು ನಾನು ಸರಕಾರಕ್ಕೆ ಬರೆದುಕೊಟ್ಟಿದ್ದೇನೆ.

ಇನ್ನೊಂದು. ವಿಚಾರಣೆ ಮುಗಿದಮೇಲೆ ಮಾಮ ನನ್ನ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಬಂದರು. ಲಿಂಗಸುಗೂರು ಬಸ್ಸು ಬಂದು ನಿಂತಾಗ, ಏನೋ ರಿಪೇರಿಯ ವಿಷಯ ಹೇಳುವವರ ಹಾಗೆ ಹೇಳಿದರು: "ನೀ ಬರದಿದ್ದರಾಗ ಒಂದು ತಪ್ಪೈತಿ ನೋಡವ್ವ. ಆ ಗೇಟಿನ ಸ್ಕ್ರೂ ಸವದೈತಿ, ಎರಡು ಸುತ್ತಿಗೆ ಅದು ಅಲಗಾಡಂಗಿಲ್ಲ. ಮೂರಾದರೂ ತಿರುವ್ಯಾಳ ಆಕಿ."

ಯಾವಾಗ ಗೊತ್ತಾಯಿತು ಎಂದು ಹೇಗೋ ಕೇಳಿದೆ.

"ದವಾಖಾನ್ಯಾಗ ಗಂಜಿ ಕುಡಸಾಕ ಬಂದಾಗ ಆಕಿ ಅಂಗೈ ತುಂಬ ಬೊಬ್ಬಿ ಎದ್ದಿದ್ವು. ನಾ ಏನಂತ ಕೇಳಲಿ? ಆಕಿ ಹೇಳ್ಲಿ ಅಂತ ಕುಂತೀನಿ, ಮೂರು ವರ್ಷ ಆತು."